ಗಗನನೌಕೆಯಲ್ಲಿ ಊಟದ ಹೊತ್ತು

ಮೊನ್ನೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಹೊದಿಕೆ ಸೀಳಿ, ನಡುವಿನ ಹಾಳೆ ಬಿಡಿಸಿ, ಹಳೆಯ ಅಭ್ಯಾಸದಂತೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದು ಕಾದೆ. ಸೀನು ಬರಲಿಲ್ಲ. ಇನ್ನೊಂದು ಹಾಳೆ ತಿರುವಿದೆ. ಆಗಲೂ ಬರಲಿಲ್ಲ. ನನ್ನ ಮುಖ ನೋಡಿ ಯಜಮಾನರು, ಪುಸ್ತಕ ಹರಿದು ಬಂದಿದೆಯೇ ಎಂದು ವಿಚಾರಿಸಿದರು. ಹರಿದಿಲ್ಲ, ಆದರೆ ಇದಕ್ಕೆ ವಾಸನೆಯೇ ಇಲ್ಲ ಎಂದೆ. ಪುಸ್ತಕಕ್ಕೆ ಯಾಕೆ ವಾಸನೆ ಬೇಕು ಎಂಬ ಪ್ರಶ್ನೆ ಅವರ ಹುಬ್ಬಿನಲ್ಲಿ ಮೂಡಿತು, ಆದರೆ ಸಂಸಾರದ ಅನುಭವ ಸಾಕಷ್ಟಿರುವುದರಿಂದ ಬಾಯಿಗೆ ಬರಲಿಲ್ಲ.

ನಿಮಗೂ ಆ ಪ್ರಶ್ನೆ ಬಂದಿರಬೇಕು. ಅದಕ್ಕಾಗಿ ನೀವು ನನ್ನ ಜೊತೆ ನಿಪ್ಪಾಣಿಯವರೆಗೆ ಬರಬೇಕಾಗುತ್ತದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಮಾತ್ರ ನನಗೇ ಇರಲಿ. ನಾನು ಹುಟ್ಟಿದ್ದು ಹಾರೂಗೇರಿಯಲ್ಲಿ. ಮೊದಲ ನೌಕರಿ ಸಿಕ್ಕಿದ್ದು ನಿಪ್ಪಾಣಿಯ ಒಂದು ಸಹಕಾರಿ ಸೊಸೈಟಿಯಲ್ಲಿ. ಉಳಿದುಕೊಂಡದ್ದು ಚಿಕ್ಕೋಡಿಯ ಸೋದರತ್ತೆಯ ಮನೆಯಲ್ಲಿ. ಹೀಗಾಗಿ ನನ್ನ ಪ್ರಾಯದ ಬಹುಪಾಲು ಬಸ್ಸು ಕಾಯುವುದರಲ್ಲೇ ಕಳೆಯಿತು. ಕಾಯುವವರಿಗೆ ಪುಸ್ತಕ ಬೇಕು. ಆಗ ನನಗೆ ನೆಲದ ಮೇಲೆ ನಡೆಯುವ ಕತೆಗಳೆಂದರೆ ತಾತ್ಸಾರ. ಚಂದ್ರನ ಮೇಲೆ ಊರು ಕಟ್ಟಿದವರು, ಮುಂದಿನ ಶತಮಾನದಿಂದ ತಪ್ಪಿಸಿಕೊಂಡು ಬಂದವರು, ಇಂಥವರೇ ನನ್ನ ಬಂಧುಬಳಗ. ದಿನವಿಡೀ ಗೊಬ್ಬರದ ಚೀಟಿ ಹರಿಯುತ್ತಿದ್ದ ಹುಡುಗಿ ಒಳಗೊಳಗೇ ತನ್ನನ್ನು ಗಗನಯಾತ್ರಿ ಎಂದುಕೊಂಡಿದ್ದಳು. ನಗಬೇಡಿ ಎನ್ನುವುದಿಲ್ಲ, ನಾನೂ ನಗುತ್ತಿದ್ದೇನೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ವಖಾರ ಇತ್ತು. ವಖಾರ ಎಂದರೆ ನಮ್ಮ ಕಡೆ ಗೋದಾಮು. ನಿಪ್ಪಾಣಿಯಲ್ಲಿ ಗೋದಾಮು ಎಂದರೆ ಅದರಲ್ಲಿ ತಂಬಾಕು ಇದ್ದೇ ಇರಬೇಕು. ಅದರ ಕಟ್ಟೆಯ ಮೇಲೆ ನೆರಳಿತ್ತು ಎಂದು ಕೂತು ಓದುತ್ತಿದ್ದೆ. ಒಳಗಿನಿಂದ ಬಿಳಿ ಟೊಪ್ಪಿಗೆಯ, ದಪ್ಪ ಕನ್ನಡಕದ ಒಬ್ಬ ಹಿರಿಯರು ಬಂದು ನನ್ನ ಪುಸ್ತಕವನ್ನು ತಲೆಕೆಳಗಾಗಿಯೇ ಓದಲು ನೋಡಿದರು. ಕೂತದ್ದಕ್ಕೆ ಬೈಯುತ್ತಾರೆ ಎಂದು ಎದ್ದೆ. ಅವರು ಕೇಳಿದ್ದೇ ಬೇರೆ.

"ಇದರಾಗ ಮಂದಿ ಉಣ್ಣೂದು ಯಾವಾಗ, ತಂಗಿ?"

ಇವರೇ ಭೂಪಾಲ ಕಾಕಾ. ಜೈನ ಮನೆತನ, ಅಜ್ಜನ ಕಾಲದಿಂದ ತಂಬಾಕಿನ ವ್ಯಾಪಾರ, ಬಾಯಿಗೆ ಮಾತ್ರ ಒಂದು ಎಳೆಯನ್ನೂ ತಾಗಿಸಿದವರಲ್ಲ. ಅವರ ಚಟ ಬೇರೆ ಇತ್ತು. ಮರಾಠಿಯಲ್ಲಿರಲಿ ಕನ್ನಡದಲ್ಲಿರಲಿ, ಆಕಾಶಕ್ಕೆ ಹಾರಿದ ಯಾವ ಕತೆಯನ್ನೂ ಬಿಡುತ್ತಿರಲಿಲ್ಲ. ಪುಸ್ತಕಗಳನ್ನು ಮನೆಯಲ್ಲಿಡಲು ಹೆಂಡತಿ ಸುನಂದಾ ಕಾಕು ಒಪ್ಪದ್ದರಿಂದ ಅವು ವಖಾರದಲ್ಲಿ, ತಂಬಾಕಿನ ಚೀಲಗಳ ನಡುವೆ ಇದ್ದವು. ಒಂದು ಹಾಳೆ ತೆರೆದರೆ ಮೂರು ಸೀನು ಗ್ಯಾರಂಟಿ. ಅವರ ಪುಸ್ತಕ ಓದಿ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಬಸ್ಸಿನ ಸಹಪ್ರಯಾಣಿಕರು ನನ್ನನ್ನು ಬಹಳ ಮೃದು ಹೃದಯದವಳೆಂದು ತಿಳಿದಿದ್ದರು.

ಊಟದ ಪ್ರಶ್ನೆ ಅವರಿಗೆ ತಮಾಷೆಯಲ್ಲ. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಭೂಮಿಯ ಮೇಲೆ ಇದು ಸರಳ. ಆದರೆ ಭೂಮಿಯನ್ನು ಸುತ್ತುವ ನೌಕೆಯೊಳಗೆ ದಿನಕ್ಕೆ ಹತ್ತಾರು ಸಲ ಸೂರ್ಯ ಹುಟ್ಟಿ ಹತ್ತಾರು ಸಲ ಮುಳುಗುತ್ತಾನಲ್ಲ, ಅಲ್ಲಿ ತಟ್ಟೆ ಹಾಕುವುದು ಯಾವಾಗ? ಎರಡು ಸೂರ್ಯರಿರುವ ಲೋಕದಲ್ಲಿ ಯಾವ ಸೂರ್ಯನ ಲೆಕ್ಕ ಹಿಡಿಯಬೇಕು? ಯಾವ ಲೇಖಕನೂ ಇದನ್ನು ವಿಚಾರ ಮಾಡಿಲ್ಲ ಎನ್ನುವುದು ಕಾಕಾನ ಆಜೀವ ದೂರು. ನೌಕೆಯ ಎಂಜಿನ್ನಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಮನುಷ್ಯರ ಹೊಟ್ಟೆಯ ಬಗ್ಗೆ ಒಂದು ಸಾಲಿಲ್ಲ ಎಂದು ಗೊಣಗುತ್ತಿದ್ದರು. ಬರೆದವರಾದರೂ ಏನು ಬರೆದರು? ಒಬ್ಬ ಪುಣ್ಯಾತ್ಮ ಚಂದ್ರನ ಮೇಲೆ ಉಳ್ಳಾಗಡ್ಡಿ ಬೆಳೆಸಿದ್ದ. ಉಳ್ಳಾಗಡ್ಡಿ, ಬೆಳ್ಳುಳ್ಳಿಯಂಥ ಗಡ್ಡೆಗಳು ಕಾಕಾನ ಮನೆಯ ಹೊಸ್ತಿಲು ದಾಟುವುದಿಲ್ಲ. ಅಷ್ಟು ದೂರ ಹೋಗಿ ನೆಲದೊಳಗಿನ ಗಡ್ಡೆಯನ್ನೇ ತಿನ್ನಬೇಕೇ ಎಂದು ಕಾಕಾ ಆ ಪುಸ್ತಕವನ್ನು ಅರ್ಧಕ್ಕೆ ಮುಚ್ಚಿದರು.

ಅವರ ಅಭಿಪ್ರಾಯವೆಲ್ಲ ತಂಬಾಕಿನ ಭಾಷೆಯಲ್ಲಿ ಬರುತ್ತಿತ್ತು. ಹಾಳೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದು, "ದಂಟ ಬಾಳ ಐತಿ, ಎಲಿ ಕಡಿಮಿ" ಎಂದರೆ ಕತೆಯಲ್ಲಿ ವರ್ಣನೆ ಹೆಚ್ಚಾಗಿದೆ ಎಂದರ್ಥ. "ಹಸಿ ಐತಿ" ಎಂದರೆ ಲೇಖಕ ಇನ್ನೂ ಸ್ವಲ್ಪ ದಿನ ಒಣಗಬೇಕಿತ್ತು. ಈಗ ಮಂದಿ ಮೊಬೈಲಿನಲ್ಲಿ ಪುಸ್ತಕಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೊಡುವುದನ್ನು ನೋಡಿದರೆ ನನಗೆ ಯಾಕೋ ಸಪ್ಪೆ ಎನಿಸುತ್ತದೆ.

ಕಾಕಾನ ಎದುರಾಳಿ ರತ್ನಕ್ಕ. ಅಕ್ಕೋಳದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ವಿಜ್ಞಾನದವಳೆಂದರೆ ಲೆಕ್ಕ ಕೂಡುವ ಕತೆಗಳೇ ಅವಳಿಗೆ ಬೇಕು ಎಂದು ನೀವು ತಿಳಿದರೆ ತಪ್ಪು. ಅವಳಿಗೆ ಬೇಕಾದದ್ದು ಮಾಟಗಾತಿ, ಮಾತಾಡುವ ಕತ್ತಿ, ಬೆಂಕಿ ಉಗುಳುವ ಡ್ರ್ಯಾಗನ್. ಇಡೀ ದಿನ ಗುರುತ್ವಾಕರ್ಷಣೆ ಕಲಿಸಿ ಬಂದವಳಿಗೆ ಸಂಜೆಗಾದರೂ ಹಾರುವವರು ಬೇಡವೇ ಎಂದು ನನ್ನನ್ನೇ ಕೇಳುತ್ತಿದ್ದಳು. ತಂಬಾಕು ತೂಗುವ ಕಾಕಾಗೆ ಲೆಕ್ಕ ಕೂಡದ ಒಂದು ಪುಟವೂ ಸಹನೆಯಾಗುತ್ತಿರಲಿಲ್ಲ. ಡ್ರ್ಯಾಗನ್ ದಿನಕ್ಕೆ ಎಷ್ಟು ತಿನ್ನುತ್ತದೆ, ಯಾರನ್ನು ತಿನ್ನುತ್ತದೆ, ಅದೂ ಕತ್ತಲಾದ ಮೇಲೆಯೇ ಯಾಕೆ ತಿನ್ನುತ್ತದೆ ಎಂದು ಅವರು ಹಿಡಿದರೆ ಬಿಡುತ್ತಿರಲಿಲ್ಲ. ಇಬ್ಬರ ನಡುವೆ ನಾನು. ಯಾರು ಪುಸ್ತಕ ಕೊಡುತ್ತಿದ್ದರೋ ಅವರ ಪಕ್ಷ.

ಒಂದು ತೊಡಕಿತ್ತು. ಪುಸ್ತಕ ಒಂದು, ಓದುವ ಹಸಿವು ಮೂರು. ಅದಕ್ಕೆ ಕಾಕಾ ಕಂಡುಕೊಂಡ ದಾರಿಯನ್ನು ಪುಸ್ತಕಪ್ರೇಮಿಗಳು ಕೇಳಿದರೆ ನನ್ನನ್ನು ಮನೆಗೆ ಕರೆಯಲಿಕ್ಕಿಲ್ಲ. ವಖಾರದಲ್ಲಿ ಚೀಲ ಹೊಲಿಯುವ ದಬ್ಬಣ, ಸುತಳಿ ಸದಾ ಕೈಗೆ ಸಿಗುತ್ತಿದ್ದವು. ದಪ್ಪ ಪುಸ್ತಕ ಬಂದ ಕೂಡಲೇ ಕಾಕಾ ಅದರ ಬೆನ್ನು ಬಿಚ್ಚಿ, ಹೊಲ ಹಂಚಿದ ಹಾಗೆ ಹಿಸ್ಸೆ ಮಾಡಿ, ಒಂದೊಂದು ಹಿಸ್ಸೆಯನ್ನೂ ಸುತಳಿಯಿಂದ ಹೊಲಿದು ಕೊಡುತ್ತಿದ್ದರು. ಯಾರಿಗೆ ಯಾವ ಹಿಸ್ಸೆ ಎಂದು ಚೀಟಿ ಎತ್ತುವುದು. ಸಂತೆಯ ದಿನ ಅದಲುಬದಲು. ಹೀಗಾಗಿ ನಾನು ಎಷ್ಟೋ ಕಾದಂಬರಿಗಳನ್ನು ಕೊನೆಯಿಂದ ಶುರು ಮಾಡಿ ನಡುವಿಗೆ ಮುಗಿಸಿದ್ದೇನೆ. ಒಂದೇ ಪುಸ್ತಕದ ಬಗ್ಗೆ ಮೂವರೂ ಜಗಳಾಡುವಾಗ ಒಬ್ಬರು ಹೊಗಳುತ್ತಿದ್ದ ನಾಯಕ ಇನ್ನೊಬ್ಬರ ಹಿಸ್ಸೆಯಲ್ಲಿ ಆಗಲೇ ಸತ್ತಿರುತ್ತಿದ್ದ.

ಜಗಳ ಮುಗಿಯಲು ಒಂದೇ ಗಂಟೆ, ಅದು ಕಾಕುನ ಕೂಗು. ವಖಾರಕ್ಕೆ ಹತ್ತಿಕೊಂಡೇ ಮನೆ. ಬಿಸಿಲು ಗೋಡೆಯ ಅರ್ಧಕ್ಕೆ ಏರಿತೆಂದರೆ ಬಾಗಿಲಿನಿಂದ ಧ್ವನಿ ಬರುತ್ತಿತ್ತು, ಬಂದವರೆಲ್ಲ ಉಂಡೇ ಹೋಗಬೇಕು. ಮೊದಮೊದಲು ರತ್ನಕ್ಕ ಬಸ್ಸಿನ ನೆವ ಹೇಳಿ ಜಾರಿಕೊಳ್ಳುತ್ತಿದ್ದಳು. ಅವಳದು ಊರಾಚೆಯ ಕೇರಿಯಿಂದ ಬಂದು ಬೌದ್ಧರಾದ ಮನೆತನ. ಯಾವ ಯಾವ ಮನೆಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬ ಲೆಕ್ಕ ಚಿಕ್ಕಂದಿನಿಂದ ಕಲಿತವಳು. ಒಂದು ದಿನ ಕಾಕು ತಮ್ಮ ತಟ್ಟೆಯ ಪಕ್ಕದಲ್ಲೇ ಇನ್ನೊಂದು ತಟ್ಟೆ ಇಟ್ಟು, ರೊಟ್ಟಿ ಹಾಕಿ, ತಾವು ಮುಟ್ಟದೆ ಕಾಯುತ್ತ ಕೂತರು. ಹೊತ್ತು ಮುಳುಗುತ್ತಿತ್ತು. ಇವಳು ಕೂರದಿದ್ದರೆ ಕಾಕು ಅವತ್ತು ಉಪವಾಸ. ರತ್ನಕ್ಕ ಕೂತಳು. ಆಮೇಲೆ ಬಸ್ಸು ಯಾವತ್ತೂ ಅಷ್ಟು ಬೇಗ ಬರಲಿಲ್ಲ.

ಇನ್ನು ಆ ಪುಸ್ತಕದ ವಿಷಯ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಹುಡುಕಿ ಓದುತ್ತೀರಿ, ಓದಿದರೆ ನನ್ನ ಕೆಲಸ ಕೆಡುತ್ತದೆ. ಮರಾಠಿ ಕಾದಂಬರಿ, ಇಟ್ಟಿಗೆಯಷ್ಟು ದಪ್ಪ. ಭೂಮಿ ಬಿಟ್ಟ ಒಂದು ನೌಕೆ ತಲೆಮಾರುಗಟ್ಟಲೆ ಹೊಸ ನೆಲ ಹುಡುಕುತ್ತ ಹೋಗುತ್ತದೆ. ನನ್ನ ಮರಾಠಿ ಆಗ ಬಸ್ಸಿನ ಫಲಕ ಓದುವಷ್ಟು ಮಾತ್ರ, ಆದ್ದರಿಂದ ಅವರಿಬ್ಬರೂ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಕೊನೆಯ ಹಿಸ್ಸೆ ರತ್ನಕ್ಕನಿಗೆ ಬಂತು. ಕಾಕಾ ನಡುವಿನವರೆಗೆ ಬಂದು ನೌಕೆಯ ಮಂದಿ ಬದುಕುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ತೂಕ ತಪ್ಪುತ್ತಿದ್ದರು. ಅಷ್ಟರಲ್ಲಿ ಅವರಿಬ್ಬರ ನಡುವೆ ಮಾತು ಮುರಿಯಿತು.

ಕಾರಣ ಸಣ್ಣದು. ರತ್ನಕ್ಕ ಪ್ರೀತಿಯಿಂದ ಕೊಟ್ಟ ಡ್ರ್ಯಾಗನ್ ಪುಸ್ತಕವನ್ನು ಕಾಕಾ ನಾಲ್ಕು ಜನ ವ್ಯಾಪಾರಿಗಳ ಎದುರಿಗೆ ತಿಕ್ಕಿ, ಮೂಸಿ, ಇದು ಎಲೆಯೂ ಅಲ್ಲ ದಂಟೂ ಅಲ್ಲ, ನೆಲದ ಮೇಲಿನ ಕಸ ಎಂದುಬಿಟ್ಟರು. ವ್ಯಾಪಾರಿಗಳು ನಕ್ಕರು. ಅವರಿಗೆ ಡ್ರ್ಯಾಗನ್ ಎಂದರೆ ಏನೆಂದು ಗೊತ್ತಿರಲಿಲ್ಲ, ಆದರೂ ನಕ್ಕರು. ರತ್ನಕ್ಕ ತನ್ನ ಪುಸ್ತಕ ಎತ್ತಿಕೊಂಡು ಎದ್ದು ಹೋದಳು. ಆಮೇಲೆ ಸಂತೆಯ ದಿನಗಳು ಬಂದವು, ಹೋದವು, ಅವಳು ಬರಲಿಲ್ಲ. ಕೊನೆಯ ಹಿಸ್ಸೆಯೂ ಬರಲಿಲ್ಲ. ಕಾಕಾ ಹಿಸ್ಸೆಯ ಬಗ್ಗೆ ಮಾತ್ರ ವಿಚಾರಿಸುತ್ತಿದ್ದರು, ಅವಳ ಬಗ್ಗೆ ಕೇಳುತ್ತಿರಲಿಲ್ಲ. ಕಾಕು ಮಾತ್ರ ಒಂದು ರೊಟ್ಟಿ ಹೆಚ್ಚಾಯಿತು ಎಂದು ದಿನಾ ಹೇಳುತ್ತಿದ್ದರು.

ಆ ಹೊತ್ತಿಗೇ ಮಿರಜಿನಲ್ಲಿ ಕಾಕಾನ ಬಲಗಣ್ಣಿನ ಪೊರೆ ತೆಗೆದರು. ಡಾಕ್ಟರು ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಓದಬಾರದು ಎಂದು ಹೇಳಿ ಕಳಿಸಿದರು. ಗಂಡನನ್ನು ಬಲ್ಲ ಕಾಕು ಮನೆಗೆ ಬಂದ ಮೇಲೆ ಇನ್ನೊಂದು ಕಣ್ಣಿಗೆ ತಮ್ಮ ಹಳೆಯ ಸೀರೆಯ ಅಂಚು ಹರಿದು ತಾವೇ ಕಟ್ಟಿದರು. ಎರಡೂ ಕಣ್ಣು ಮುಚ್ಚಿ ಮಂಚದ ಮೇಲೆ ಕೂತ ಕಾಕಾ ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ನೌಕೆಯವರು ಹೊಸ ನೆಲ ಮುಟ್ಟಿದರೋ ಇಲ್ಲವೋ. ಕುಶಲ ಕೇಳಲು ಬಂದ ಬೀಗರು ಗಾಬರಿಯಾಗಿ, ಔಷಧ ತಲೆಗೇರಿದೆ ಎಂದುಕೊಂಡು ಹೋದರು. ನನಗೆ ತಡೆಯಲಾಗಲಿಲ್ಲ. ಅಕ್ಕೋಳಕ್ಕೆ ಹೋಗಿ ರತ್ನಕ್ಕನಿಗೆ ಎಲ್ಲವನ್ನೂ ಹೇಳಿದೆ. ಹಠಕ್ಕೆ ಬಿದ್ದವಳು ಸೀರೆ ಅಂಚಿನ ವಿಷಯಕ್ಕೆ ಬಂದಾಗ ನಕ್ಕುಬಿಟ್ಟಳು.

ಮರುದಿನ ಶಾಲೆ ಬಿಟ್ಟ ಮೇಲೆ ಕೊನೆಯ ಹಿಸ್ಸೆ ಚೀಲದಲ್ಲಿಟ್ಟುಕೊಂಡು ಬಂದಳು. ನಮಸ್ಕಾರವಿಲ್ಲ, ಕುಶಲವಿಲ್ಲ, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಓದಲು ಶುರು ಮಾಡಿದಳು. ಮರಾಠಿಯಲ್ಲಿ ಒಂದು ಪುಟ ಕಾಕಾಗೆ, ಅದನ್ನೇ ಕನ್ನಡದಲ್ಲಿ ನನಗೆ. ಒಳಗೆ ಕಾಕು ಏನೋ ಕುಟ್ಟುತ್ತಿದ್ದ ಸದ್ದು. ನೌಕೆ ಹೊಸ ನೆಲ ಮುಟ್ಟಿತು, ಬಾಗಿಲು ತೆರೆಯಿತು, ಮುದಿ ಕಪ್ತಾನ ಕೆಳಗಿಳಿದು ಆಕಾಶದಲ್ಲಿ ಭೂಮಿ ಎಲ್ಲಿದೆ ಎಂದು ಹುಡುಕಿದ. ಇನ್ನು ಮುಗಿಯಿತು ಎನ್ನುವಾಗ ರತ್ನಕ್ಕ ಒಂದು ಕ್ಷಣ ನಿಂತು, ಕಾಕಾನ ಮುಖವನ್ನೊಮ್ಮೆ ನೋಡಿ, ಕೊನೆಯ ಸಾಲು ಓದಿದಳು. ಮೊದಲ ದಿನ, ಹೊತ್ತು ಮುಳುಗುವ ಮೊದಲು, ನೌಕೆಯವರೆಲ್ಲ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ಉಂಡರು.

ಕಾಕಾ ಇನ್ನೊಮ್ಮೆ ಓದು ಎಂದರು. ಅವಳು ಅಕ್ಷರ ತಪ್ಪದೆ ಓದಿದಳು. ಆಮೇಲೆ ಅವರು ಪಟ್ಟಿ ಕಟ್ಟಿದ ಮುಖವನ್ನು ಅವಳ ಧ್ವನಿಯ ಕಡೆಗೆ ತಿರುಗಿಸಿದರು.

"ಬರೋಬ್ಬರ ಒಣಗಿದ ಮಾಲು, ರತ್ನಾ. ನಿನ್ನ ಆ ಡ್ರ್ಯಾಗನ್ ಪುಸ್ತಕಾನೂ ತಗೊಂಡ ಬಾ. ಕಣ್ಣ ಬಿಚ್ಚಿದ ಮ್ಯಾಲ ಮತ್ತೊಮ್ಮೆ ನೋಡೂಣು."

ಕಣ್ಣು ಬಿಚ್ಚಿದ ಮೇಲೆ ಅದನ್ನು ಓದಿದರು, ಮತ್ತೆ ಬೈದರು, ಮತ್ತೆ ಸಂತೆಯ ದಿನದ ಜಗಳ ಶುರುವಾಯಿತು. ಆದರೆ ಕೊನೆಯ ಹಿಸ್ಸೆ ಮಾತ್ರ ವಾಪಸ್ಸು ಬರಲಿಲ್ಲ. ಕಾಗವಾಡದ ಯಾರಿಗೋ ಓದಲು ಕೊಟ್ಟೆ, ಅವರು ಊರು ಬಿಟ್ಟರು ಎಂದಳು ರತ್ನಕ್ಕ. ಒಂದು ಹಾಳೆ ಕಳೆದರೂ ಊರು ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದ ಕಾಕಾ, ಅವತ್ತು ಇರಲಿ ಬಿಡು ಎಂದರು. ಅದು ವಿಚಿತ್ರ ಎಂದು ನನಗೆ ಹೊಳೆಯಬೇಕಿತ್ತು. ಗಗನಯಾತ್ರಿಗಳಿಗೆ ಇಂಥ ಸಣ್ಣ ವಿಷಯ ಹೊಳೆಯುವುದಿಲ್ಲ.

ಅಂದಿನಿಂದ ಆ ಪುಸ್ತಕ ಕಾಕಾನ ಬಾಯಲ್ಲಿ. ತಂಬಾಕು ತರುವ ರೈತರಿಗೆ, ಬಸ್ಸಿನ ಕಂಡಕ್ಟರಿಗೆ, ಮೊಮ್ಮಕ್ಕಳ ಮಾಸ್ತರಿಗೆ, ಎಲ್ಲರಿಗೂ ಅದನ್ನೇ ಓದಿ ಎನ್ನುವರು. ಲೋಕದಲ್ಲಿ ಒಬ್ಬನೇ ಒಬ್ಬ ಲೇಖಕನಿಗೆ ಊಟದ ಹೊತ್ತು ಗೊತ್ತಿತ್ತು ಎನ್ನುವರು. ನಾನೂ ಹೋದಲ್ಲೆಲ್ಲ ಹೇಳಿದೆ. ರಾಯಬಾಗದಲ್ಲಿ ಒಂದು ಸಭೆಯಲ್ಲಿ ಆ ಸಾಲನ್ನು ಮೂಲದಿಂದ ಎಂಬಂತೆ ಉದ್ಧರಿಸಿ, ಹಸಿವು ಮತ್ತು ನಾಗರಿಕತೆ ಎಂದೆಲ್ಲ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ.

ಈಗ ನಮ್ಮದೊಂದು ವಾಟ್ಸಾಪ್ ಗುಂಪು ಇದೆ. ವೈಜ್ಞಾನಿಕ ಕತೆ, ಮಾಯಾಲೋಕದ ಕತೆ ಓದುವವರು, ಓದಿದ್ದೇವೆಂದು ಹೇಳುವವರು, ಬರೀ ಶುಭೋದಯ ಕಳಿಸುವವರು ಎಲ್ಲ ಇದ್ದಾರೆ. ಕಾಕಾಗೆ ಈಗ ಎಂಬತ್ತು ದಾಟಿದೆ, ಎರಡೂ ಕಣ್ಣು ಮತ್ತೆ ಮಬ್ಬು. ಮೊಮ್ಮಗಳು ಓದಿ ಹೇಳುತ್ತಾಳೆ, ಇವರು ಧ್ವನಿಮುದ್ರಿಸಿ ಕಳಿಸುತ್ತಾರೆ. ಕಳೆದ ತಿಂಗಳು ಅಥಣಿಯ ಒಬ್ಬ ತರುಣ ಆ ಪುಸ್ತಕವನ್ನು ಮೊಬೈಲಿನಲ್ಲಿ ಓದಿ ಮುಗಿಸಿ, ಊಟದ ಸಾಲು ಎಲ್ಲಿಯೂ ಇಲ್ಲ, ಮೂರು ಸಲ ಹುಡುಕಿದೆ, ಹಿರಿಯರು ಸುಳ್ಳು ಶಿಫಾರಸು ಮಾಡಬಾರದು ಎಂದು ಬರೆದ. ಗುಂಪಿನಲ್ಲಿ ಗದ್ದಲವೆದ್ದಿತು. ಕಾಕಾ ಧ್ವನಿ ಕಳಿಸಿದರು. ಮೊಬೈಲಿನ ಪುಸ್ತಕ ನಂಬುವುದಿಲ್ಲ, ಅಚ್ಚಿನ ಪ್ರತಿಯಲ್ಲಿ ಆ ಸಾಲು ಇಲ್ಲದಿದ್ದರೆ ಇನ್ನು ಮೇಲೆ ಯಾರಿಗೂ ಪುಸ್ತಕ ಹೇಳುವುದಿಲ್ಲ, ಗುಂಪೂ ಬಿಡುತ್ತೇನೆ. ಚಿಕ್ಕೋಡಿಯ ತಂಗಿ ಪುಸ್ತಕ ತರಿಸಿ ಬಂದು ನನಗೆ ಓದಿ ಹೇಳಲಿ.

ಚಿಕ್ಕೋಡಿಯ ತಂಗಿ ಎಂದರೆ ನಾನು. ಮೊನ್ನೆ ಬಂದ, ಸೀನು ತರದ ಪುಸ್ತಕ ಅದೇ. ಈಗ ನನ್ನ ಮರಾಠಿ ಚೆನ್ನಾಗಿದೆ. ನೇರ ಕೊನೆಯ ಪುಟಕ್ಕೆ ಹೋದೆ. ಕಪ್ತಾನ ಆಕಾಶ ನೋಡುತ್ತಾನೆ, ಭೂಮಿ ಕಾಣುವುದಿಲ್ಲ, ಮುಗಿಯಿತು. ರೊಟ್ಟಿ ಇಲ್ಲ, ಚಟ್ನಿ ಇಲ್ಲ. ಕೆಳಗೆ ಅರ್ಧ ಪುಟ ಖಾಲಿ ಬಿಳುಪು. ರಾಯಬಾಗದ ಚಪ್ಪಾಳೆ ನೆನಪಾಗಿ ಕಿವಿ ಬಿಸಿಯಾಯಿತು. ಓದುವುದಷ್ಟೇ ಉಳಿದಿರುವ ಮನುಷ್ಯನ ಬಾಯಿಯಿಂದ ಆ ಒಂದು ಸಾಲನ್ನು ಕಿತ್ತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ರತ್ನಕ್ಕನಿಗೆ ಫೋನ್ ಮಾಡಿದೆ. ನಿವೃತ್ತಳಾಗಿ ಅಕ್ಕೋಳದಲ್ಲೇ ಇದ್ದಾಳೆ, ಈಗಲೂ ಡ್ರ್ಯಾಗನ್ನುಗಳ ಪಕ್ಷ. ವಿಷಯ ಕೇಳಿ ಬಹಳ ಹೊತ್ತು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಕಣ್ಣ ಕಟಗೊಂಡ ಕುಂತಿದ್ರವ್ವಾ ಕಾಕಾ. ಆ ಕಪ್ತಾನನ್ನ ಒಬ್ಬನ್ನ ಕತ್ತಲ್ಯಾಗ ನಿಲ್ಲಿಸಿ ಬರಾಕ ನನಗ ಮನಸ್ಸ ಆಗಲಿಲ್ಲ. ನೀ ಏನ್ ಓದ್ತೀ ನಿನಗ ಬಿಟ್ಟದ್ದು. ಹೊತ್ತ ಮುಳಗೂಕಿಂತ ಮೊದಲ ಓದಿ ಮುಗಸು, ಅಷ್ಟ."

ನಿನ್ನೆ ನಿಪ್ಪಾಣಿಗೆ ಹೋದೆ. ಕಾಕಾ ವಖಾರದ ಒಳಗೇ ಮಂಚ ಹಾಕಿಸಿಕೊಂಡಿದ್ದಾರೆ, ತಂಬಾಕಿನ ವಾಸನೆ ಇಲ್ಲದೆ ನಿದ್ದೆ ಬರುವುದಿಲ್ಲವಂತೆ. ಕೊನೆಯ ಅಧ್ಯಾಯ ಓದಿದೆ. ನೌಕೆ ಇಳಿಯಿತು, ಕಪ್ತಾನ ಆಕಾಶ ನೋಡಿದ. ಖಾಲಿ ಬಿಳುಪಿನ ಎದುರಿಗೆ ನಿಂತೆ. ಬರುವಾಗ ಬಸ್ಸಿನಲ್ಲಿ ಸತ್ಯ ಹೇಳುವ ನಾಲ್ಕಾರು ರೀತಿ ತಯಾರು ಮಾಡಿಕೊಂಡಿದ್ದೆ, ಒಂದೂ ಕೆಲಸಕ್ಕೆ ಬರಲಿಲ್ಲ. ಧ್ವನಿ ಏರದಂತೆ, ಇಳಿಯದಂತೆ, ಅಚ್ಚಾದದ್ದನ್ನೇ ಓದುವವಳಂತೆ, ಹೊತ್ತು ಮುಳುಗುವ ಮೊದಲು ನೌಕೆಯವರೆಲ್ಲ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ಉಂಡರು ಎಂದು ಓದಿದೆ.

ಕಾಕಾ ತಲೆಯಾಡಿಸಿದರು. ಆಮೇಲೆ ಕೈಯೆತ್ತಿ ತಡೆದರು.

"ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಅಂತ ಓದಿದ್ಲು ರತ್ನಾ. ಈ ಮುದ್ರಣದಾಗ ಬಿಟ್ಟಾರೇನು?"

ನಿಜ, ಹಾಗೆಯೇ ಓದಿದ್ದಳು, ಬೆಳ್ಳುಳ್ಳಿಯ ಮಾತನ್ನು ನಾನೇ ಮರೆತಿದ್ದೆ. ಒಳಗೆ ಕಾಕು ಕುಟ್ಟುತ್ತಿದ್ದದ್ದು ಅದೇ ಚಟ್ನಿ, ನಾವೆಲ್ಲ ಅವತ್ತು ಉಂಡದ್ದೂ ಅದೇ.

"ಆಕಾಶದ ಆಚಿ ದಂಡಿಗೆ ಹೋದ ಮಂದಿ, ನಿಮ್ಮ ಕಾಕುನ ಚಟ್ನಿ ಎಲ್ಲಿಂದ ತರತಾರ, ತಂಗಿ? ಕಣ್ಣ ಕಟ್ಟಿದ್ರು, ಕಿವಿ ಮೂಗ ಕಟ್ಟಿದ್ದಿಲ್ಲ." ಕಾಕಾ ಸದ್ದಿಲ್ಲದೆ ನಗುತ್ತಿದ್ದರು. "ಪುಸ್ತಕ ಯಾರ ಕೈಲೆ ತರಸಬೇಕು ಅನ್ನೂದೂ ನನಗ ಗೊತ್ತೈತಿ. ಪೆನ್ಸಿಲ್ ತಗೊ. ಬಿಟ್ಟದ್ದನ್ನ ಬರದ ಬಿಡು."

ತಂಬಾಕಿನ ತೂಕ ಬರೆಯುವ ಪೆನ್ಸಿಲಿನಿಂದ, ಆ ಖಾಲಿ ಜಾಗದಲ್ಲಿ, ಮರಾಠಿಯಲ್ಲಿ ಅವರು ಹೇಳಿದ ಹಾಗೆ ಬರೆದೆ. ಹೊತ್ತು ಮುಳುಗುವ ಮೊದಲು, ಎಲ್ಲರೂ, ಒಂದೇ ಸಾಲಿನಲ್ಲಿ, ಬೆಳ್ಳುಳ್ಳಿ ಹಾಕದ ಚಟ್ನಿ. ಬರೆಯುತ್ತಿರುವಾಗ ಕಾಕುನ ಪಕ್ಕದಲ್ಲಿಟ್ಟ ಆ ಇನ್ನೊಂದು ತಟ್ಟೆ ಕಣ್ಣೆದುರಿಗೆ ಬಂದು ಅಕ್ಷರ ಸ್ವಲ್ಪ ಸೊಟ್ಟಗಾದವು. ಗುಂಪಿನಲ್ಲಿ ಹಾಕಿದೆ: ಸಾಲು ಇದೆ, ಅಚ್ಚಿನ ಪ್ರತಿಯ ಕೊನೆಯ ಪುಟದಲ್ಲಿ, ಕಣ್ಣಾರೆ ನೋಡಿದ್ದೇನೆ. ಅಥಣಿಯ ತರುಣ ಕೂಡಲೇ ಫೋಟೋ ಕೇಳಿದ. ಫೋಟೋದಲ್ಲಿ ಓದಿದ್ದನ್ನು ನಾವು ಓದಿದ್ದೆಂದು ಲೆಕ್ಕ ಹಿಡಿಯುವುದಿಲ್ಲ, ರವಿವಾರ ನಿಪ್ಪಾಣಿಗೆ ಬಂದು ನೋಡಪ್ಪ, ರತ್ನಕ್ಕನೂ ಬರುತ್ತಾಳೆ, ಹೊತ್ತು ಮುಳುಗುವ ಮೊದಲು ಬಾ ಎಂದು ಕಾಕಾನ ಪರವಾಗಿ ಬರೆದೆ. ಅಡಿಗೆಮನೆಯಿಂದ ಕಾಕು, ಅವನಿಗೆ ಎಷ್ಟು ರೊಟ್ಟಿ ಬೇಕಾಗಬಹುದು ಎಂದು ಈಗಲೇ ಕೇಳಿದರು.

ಹೊರಡುವಾಗ ಪುಸ್ತಕ ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಕಾಕಾ ಅದನ್ನು ಇಸಿದುಕೊಂಡು, ಕೊನೆಯ ಹಾಳೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದು ನೋಡಿದರು. ಇನ್ನೂ ಹಸಿ ಇದೆ, ರವಿವಾರದ ತನಕ ಇಲ್ಲಿ ಒಣಗಲಿ ಎಂದು ತಂಬಾಕಿನ ಎರಡು ಚೀಲಗಳ ನಡುವೆ ಇಡಿಸಿದರು. ನಾನು ಬಗ್ಗಿ ಇಡುವಾಗ ಹಾಳೆಗಳು ತೆರೆದುಕೊಂಡವು, ಮೂರು ಸೀನು ಬಂತು.